ಗ್ರೀಸಿನ ಹಳೆಯ ಗೊಂಬೆ, ಹೂಜಿ ಕೊಳ್ಳುವ ಮುನ್ನ: ಸಂಗ್ರಾಹಕರಿಗೊಂದು ಮಾರ್ಗದರ್ಶಿ

ಲಂಡನ್, ಮ್ಯೂನಿಕ್, ನ್ಯೂಯಾರ್ಕ್‌ಗಳಲ್ಲಿ ನಡೆಯುವ ಹರಾಜಿಗೆ ಈಗ ಬೆಂಗಳೂರಿನ ಮನೆಯಿಂದಲೇ ಬೆಲೆ ಕೂಗಬಹುದು. 2600 ವರ್ಷಗಳ ಹಿಂದೆ ಕೊರಿಂಥ್ ಊರಿನ ಕುಂಬಾರನೊಬ್ಬ ತಿಗರಿಯ ಮೇಲೆ ಎತ್ತಿದ ಸುಗಂಧತೈಲದ ಪುಟ್ಟ ಕುಡಿಕೆ ಕೆಲವು ನೂರು ಪೌಂಡಿಗೆ ಸಿಗುತ್ತದೆ. ಅಥೆನ್ಸಿನ ‘ಕಪ್ಪು ಚಿತ್ರ’ದ, ಅಂದರೆ ಕೆಂಪು ಮೈಮೇಲೆ ಕಪ್ಪು ಆಕೃತಿ ಬರೆದ, ಹೂಜಿಗೆ ಒಂದೆರಡು ಸಾವಿರ ಪೌಂಡು ಸಾಕಾಗಬಹುದು. ಇಷ್ಟು ಹಳೆಯದು ಇಷ್ಟು ಸುಲಭವಾಗಿ ಸಿಗುತ್ತದೆಂದು ಗೊತ್ತಾದಾಗ ಯಾರಿಗಾದರೂ ಮನಸ್ಸು ಓಡುತ್ತದೆ. ವಿದೇಶಗಳಲ್ಲಿ ನೆಲೆಸಿರುವ, ವಸ್ತುಸಂಗ್ರಹಾಲಯಗಳನ್ನು ನೋಡಿ ನೋಡಿ ಆಸೆ ಬೆಳೆಸಿಕೊಂಡಿರುವ ಕನ್ನಡಿಗರನ್ನೂ, ಊರಲ್ಲಿದ್ದೇ ಇಂಥದ್ದರಲ್ಲಿ ಆಸಕ್ತಿ ಇರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ಕೊಳ್ಳಬೇಕಾದದ್ದು ಪೂರ್ವಾಪರ ಗೊತ್ತಿರುವ ವಸ್ತುವನ್ನು ಮಾತ್ರ. ಎಲ್ಲಿ ಸಿಕ್ಕಿತು, ಯಾವಾಗ ನೆಲದಿಂದ ಮೇಲೆ ಬಂತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಕಾಗದವಿಲ್ಲದಿದ್ದರೆ, ಎಷ್ಟೇ ಚೆಲುವಾಗಿದ್ದರೂ ಬಿಟ್ಟುಬಿಡಿ. ನಮ್ಮಲ್ಲಿ ನಿಧಿಗಳ್ಳರು ಗುಡಿಯ ಗರ್ಭಗೃಹ ಅಗೆದು, ಶಾಸನದ ಕಲ್ಲು ಉರುಳಿಸಿ ಹೋದ ಸುದ್ದಿ ಓದಿದಾಗ ಹೊಟ್ಟೆ ಉರಿಯುತ್ತದಲ್ಲ, ಗ್ರೀಸಿನ ಹಳ್ಳಿಗಳಲ್ಲೂ ಅದೇ ನಡೆದಿದೆ. ಕೊಳ್ಳುವವರು ಇದ್ದುದರಿಂದಲೇ ನಡೆದಿದೆ.

ಹೆಜ್ಜೆ 1: ಒಂದು ಕಾಲ, ಒಂದು ಪ್ರದೇಶ ಆರಿಸಿಕೊಳ್ಳಿ

‘ಆದಿ ಗ್ರೀಸ್’ ಎಂಬ ಒಂದೇ ಚೀಟಿ ಅಂಟಿಸಿ ಮಾರುವ ವಸ್ತುಗಳ ನಡುವೆ ಕೆಲವೊಮ್ಮೆ ಎರಡೂವರೆ ಸಾವಿರ ವರ್ಷಗಳ ಅಂತರವಿರುತ್ತದೆ. ಎಲ್ಲವನ್ನೂ ಬೆನ್ನಟ್ಟಿದರೆ ಯಾವುದರಲ್ಲೂ ಕಣ್ಣು ಪಳಗುವುದಿಲ್ಲ.

ಸೈಕ್ಲಾಡಿಕ್ ಎಂದರೆ ಸುಮಾರು ಕ್ರಿ.ಪೂ. 3200ರಿಂದ 2000ದವರೆಗೆ ಏಜಿಯನ್ ಸಮುದ್ರದ ನಾಕ್ಸೊಸ್, ಪಾರೊಸ್, ಅಮೊರ್ಗೊಸ್, ಕೆರೊಸ್ ಮೊದಲಾದ ದ್ವೀಪಗಳಲ್ಲಿ ಬೆಳೆದ ಕಲೆ. ಎದೆಯ ಕೆಳಗೆ ಕೈಕಟ್ಟಿದ ಅಮೃತಶಿಲೆಯ ಹೆಣ್ಣು ಗೊಂಬೆಗಳು ಇದರವು. ಮೈಸೀನಿಯನ್ ಎಂದರೆ ಸುಮಾರು ಕ್ರಿ.ಪೂ. 1400ರಿಂದ 1200ರ ಗೆರೆಗೆರೆ ಬಣ್ಣದ ಪುಟ್ಟ ಮಣ್ಣಿನ ಗೊಂಬೆಗಳು, ಎಣ್ಣೆ ತುಂಬುವ ಎರಡು ಹಿಡಿಯ ಜಾಡಿಗಳು, ಎತ್ತರ ಕಾಲಿನ ಬಟ್ಟಲುಗಳು. ಸ್ವೀಡನ್ನಿನ ಪುರಾತತ್ತ್ವಜ್ಞ ಆರ್ನೆ ಫುರುಮಾರ್ಕ್ ಆ ಗೊಂಬೆಗಳಿಗೆ ಗ್ರೀಕ್ ಅಕ್ಷರಗಳ ಹೆಸರಿಟ್ಟರು: ದುಂಡು ಮೈಯದು ಫೈ, ಕೈ ಮೇಲೆತ್ತಿದ್ದು ಪ್ಸೈ, ಕೈ ಮಡಚಿದ್ದು ಟೌ. ಕ್ರಿ.ಪೂ. 900ರಿಂದ 700ರ ಜ್ಯಾಮಿತೀಯ ಕಾಲದಲ್ಲಿ ಕಂಚಿನ ಕುದುರೆಗಳು, ಮುಚ್ಚಳದ ಮೇಲೆ ಕುದುರೆ ನಿಂತಿರುವ ಡಬ್ಬಿಗಳು ಬರುತ್ತವೆ. ಆಮೇಲೆ ಕೊರಿಂಥ್, ಆಮೇಲೆ ಅಥೆನ್ಸಿನ ಕಪ್ಪು ಚಿತ್ರ, ಕ್ರಿ.ಪೂ. 530ರ ಸುಮಾರಿಗೆ ಕೆಂಪು ಚಿತ್ರ (ಕಪ್ಪು ಹಿನ್ನೆಲೆಯಲ್ಲಿ ಕೆಂಪು ಆಕೃತಿ). ಬಿಯೋಷಿಯಾ ಪ್ರಾಂತದ ತನಾಗ್ರಾ ಊರಿನ ಸುಟ್ಟಮಣ್ಣಿನ ಗೊಂಬೆಗಳು ಇನ್ನೂ ತಡ, ಕ್ರಿ.ಪೂ. 4 ಮತ್ತು 3ನೇ ಶತಮಾನದವು.

ಹೊಸಬರಿಗೆ ನಾನು ಹೇಳುವುದು ಕೊರಿಂಥ್ ಅಥವಾ ಅಥೆನ್ಸಿನ ಸಣ್ಣ ಪಾತ್ರೆಗಳು. ಅವು ಸಾವಿರಾರು ಸಂಖ್ಯೆಯಲ್ಲಿ ತಯಾರಾಗಿ ಭೂಮಧ್ಯ ಸಮುದ್ರದ ಸುತ್ತಲೂ ರಫ್ತಾದ ಸರಕು. 19ನೇ ಶತಮಾನದಲ್ಲೇ ಯುರೋಪಿನ ಮನೆಗಳಿಗೆ ಹಂಚಿಹೋದವು ಅವುಗಳಲ್ಲಿ ಬೇಕಾದಷ್ಟಿವೆ. ಹಾಗಾಗಿ ಹಳೆಯ ಕಾಗದ ಸಮೇತ ಸಿಗುವ ಸಾಧ್ಯತೆ ಇವುಗಳಿಗೇ ಹೆಚ್ಚು. ತನಾಗ್ರಾ ಗೊಂಬೆಗಳ ವಿಷಯದಲ್ಲಿ ಮಾತ್ರ ತುಂಬ ಹುಷಾರಾಗಿರಿ. 1870ರ ದಶಕದಲ್ಲಿ ಅಲ್ಲಿನ ಸಮಾಧಿಗಳು ಲೂಟಿಯಾಗಿ, ಪ್ಯಾರಿಸ್, ಬರ್ಲಿನ್‌ಗಳಲ್ಲಿ ಅವುಗಳ ಹುಚ್ಚು ಹಿಡಿದಾಗ, ಬೇಡಿಕೆ ತೀರಿಸಲು ನಕಲಿ ಗೊಂಬೆಗಳೂ ರಾಶಿ ರಾಶಿಯಾಗಿ ಹುಟ್ಟಿದವು. ಆ ನಕಲಿಗಳಿಗೇ ಈಗ ನೂರು ವರ್ಷ ದಾಟಿದೆ. ಹಳೆಯ ಸಂಗ್ರಹದ್ದು ಎಂಬ ಮಾತು ಅಲ್ಲಿ ನಿಜವಿದ್ದರೂ ಗೊಂಬೆ ಅಸಲಿಯಾಗಬೇಕಿಲ್ಲ.

ಹೆಜ್ಜೆ 2: ಸೈಕ್ಲಾಡಿಕ್ ಅಮೃತಶಿಲೆಯನ್ನು ಕೊಳ್ಳುವ ಪಟ್ಟಿಯಿಂದ ತೆಗೆದುಬಿಡಿ

ಇದಕ್ಕೆ ಪ್ರತ್ಯೇಕ ಹೆಜ್ಜೆ ಕೊಟ್ಟಿರುವುದಕ್ಕೆ ಕಾರಣವಿದೆ. ಹೆಚ್ಚಿನವರನ್ನು ಗ್ರೀಸಿನತ್ತ ಮೊದಲು ಎಳೆಯುವುದೇ ಈ ಬಿಳಿ ಗೊಂಬೆಗಳು. ಬ್ರಾಂಕೂಸಿ, ಮೊಡಿಗ್ಲಿಯಾನಿ, ಹೆನ್ರಿ ಮೂರ್ ಅವರಂಥ 20ನೇ ಶತಮಾನದ ಕಲಾವಿದರ ಕಾಲದಲ್ಲಿ ಇವುಗಳ ಸರಳ ರೂಪಕ್ಕೆ ಬೆಲೆ ಬಂತು. 2010ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಗೊಂಬೆ 1.68 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು.

ಆ ಮೋಹಕ್ಕೆ ದ್ವೀಪಗಳು ತೆತ್ತ ಬೆಲೆಯನ್ನು ಡೇವಿಡ್ ಗಿಲ್ ಮತ್ತು ಕ್ರಿಸ್ಟಫರ್ ಚಿಪ್ಪಿಂಡೇಲ್ ಎಂಬ ವಿದ್ವಾಂಸರು 1993ರಲ್ಲಿ ಲೆಕ್ಕ ಹಾಕಿದರು. ಆಗ ತಿಳಿದಿದ್ದ ಸುಮಾರು 1600 ಗೊಂಬೆಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಎಲ್ಲಿ ಸಿಕ್ಕವೆಂಬುದೇ ಗೊತ್ತಿಲ್ಲ. ಒಂದು ಗೊಂಬೆಗಾಗಿ ಅಗೆದ ಸಮಾಧಿಗಳು ಎಷ್ಟೋ. ಎಲ್ಲ ಸಮಾಧಿಯಲ್ಲೂ ಗೊಂಬೆ ಇರುತ್ತಿರಲಿಲ್ಲ, ಅಗೆದವರಿಗೆ ಮೂಳೆ, ಮಡಕೆ ಚೂರು ಬೇಕಿರಲಿಲ್ಲ.

ಕೆರೊಸ್ ದ್ವೀಪದ ಕಥೆ ಕೇಳಿ. 1950ರ ದಶಕದ ಕೊನೆ, 60ರ ದಶಕದ ಆರಂಭದ ಹೊತ್ತಿಗೆ ಅಲ್ಲಿಂದ ರಾಶಿಗಟ್ಟಲೆ ಮುರಿದ ಗೊಂಬೆಗಳನ್ನು ಕಳ್ಳರು ಸಾಗಿಸಿದರು. ಅವು ‘ಕೆರೊಸ್ ನಿಧಿ’ ಎಂಬ ಹೆಸರಿನಲ್ಲಿ ಯುರೋಪ್, ಅಮೆರಿಕದ ಸಂಗ್ರಹಗಳಿಗೆ ಚದುರಿದವು. ಗೊಂಬೆಗಳು ಯಾಕೆ ಮುರಿದಿವೆ? ಕಳ್ಳರು ಅವಸರದಲ್ಲಿ ಮುರಿದರು ಎಂದೂ ಜನ ಅಂದುಕೊಂಡಿದ್ದರು. 2006ರಿಂದ 2008ರವರೆಗೆ ಬ್ರಿಟನ್ನಿನ ಪುರಾತತ್ತ್ವಜ್ಞ ಕಾಲಿನ್ ರೆನ್‌ಫ್ರೂ ನೇತೃತ್ವದ ತಂಡ ಅದೇ ದ್ವೀಪದಲ್ಲಿ ಕಳ್ಳರ ಕೈ ಸೋಕದ ಇನ್ನೊಂದು ಗುಂಡಿಯನ್ನು ಪದರ ಪದರವಾಗಿ ಬಿಡಿಸಿತು. ಅಲ್ಲಿಯೂ ಗೊಂಬೆಗಳೆಲ್ಲ ತುಂಡು. ಆದರೆ ಒಂದು ತುಂಡು ಇನ್ನೊಂದಕ್ಕೆ ಕೂಡುವುದೇ ಇಲ್ಲ! ಬೇರೆ ಬೇರೆ ದ್ವೀಪಗಳ ಜನ ತಮ್ಮೂರಲ್ಲೇ ವಿಧಿಪೂರ್ವಕವಾಗಿ ಗೊಂಬೆ ಮುರಿದು, ಒಂದೊಂದು ತುಂಡನ್ನು ಮಾತ್ರ ದೋಣಿಯಲ್ಲಿ ತಂದು ಇಲ್ಲಿ ಹೂಳುತ್ತಿದ್ದರೆಂದು ಆಗ ತಿಳಿಯಿತು. ನಾಲ್ಕೂವರೆ ಸಾವಿರ ವರ್ಷ ಹಿಂದಿನ ಒಂದು ಆಚರಣೆಯೇ ಕಣ್ಣ ಮುಂದೆ ಬಂತು. ಮಾರುಕಟ್ಟೆಗೆ ಹೋದ ತುಂಡುಗಳು ಎಷ್ಟು ನೋಡಿದರೂ ಇದನ್ನು ಹೇಳಲಾರವು.

ಇನ್ನೊಂದು ವ್ಯಾವಹಾರಿಕ ಕಾರಣ. ಅಮೃತಶಿಲೆಯನ್ನು ಯಾವಾಗ ಕೆತ್ತಿದರೆಂದು ನೇರವಾಗಿ ಹೇಳುವ ಪರೀಕ್ಷೆ ಇಲ್ಲ. ಐಸೊಟೋಪ್ ವಿಶ್ಲೇಷಣೆ ಕಲ್ಲು ಯಾವ ಗಣಿಯದು ಎಂದು ಹೇಳಬಲ್ಲದು. ನಕಲಿಗಾರನಿಗೂ ನಾಕ್ಸೊಸ್ ಕಲ್ಲು ಸಿಗುತ್ತದೆ. ನೆಲದಲ್ಲಿ ಬೇರು ಹರಿದ ಗುರುತು, ಸುಣ್ಣದ ಕಿಟ್ಟ, ಒಂದು ಕಾಲದಲ್ಲಿ ಬಣ್ಣವಿದ್ದ ಕಣ್ಣು, ಕೂದಲಿನ ಜಾಗ ಸವೆಯದೆ ತುಸು ಉಬ್ಬಿರುವುದು ಇವೆಲ್ಲ ಸುಳಿವುಗಳು ಮಾತ್ರ. ಬೆಲೆ ಕೋಟಿಗಳಲ್ಲಿದ್ದಾಗ ಸುಳಿವುಗಳನ್ನೂ ತಯಾರಿಸುವವರು ಹುಟ್ಟುತ್ತಾರೆ.

ನೋಡುವ ಆಸೆಗೆ ದಾರಿಗಳಿವೆ. ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿ ಅಮೊರ್ಗೊಸ್‌ನ 1.52 ಮೀಟರ್ ಎತ್ತರದ ಗೊಂಬೆಯೂ, ಹಾರ್ಪ್ ಎಂಬ ತಂತಿವಾದ್ಯ ನುಡಿಸುವ ಕೆರೊಸ್‌ನ ವಾದಕನ ಗೊಂಬೆಯೂ ಇವೆ. ಅದೇ ಊರಿನಲ್ಲಿ 1986ರಲ್ಲಿ ತೆರೆದ ಸೈಕ್ಲಾಡಿಕ್ ಕಲಾ ಸಂಗ್ರಹಾಲಯವಿದೆ. ಮನೆಯಲ್ಲಿ ಇಟ್ಟುಕೊಳ್ಳಲೇಬೇಕೆಂದರೆ ಈ ಸಂಗ್ರಹಾಲಯಗಳ ಅಂಗಡಿಗಳಲ್ಲಿ ಅಧಿಕೃತ ಪ್ರತಿಕೃತಿಗಳು ಸಿಗುತ್ತವೆ. ಕಪಾಟಿನಲ್ಲಿ ಇಟ್ಟು ದಿನವೂ ನೋಡುವ ಸಂತೋಷಕ್ಕೆ ಅವು ಧಾರಾಳ ಸಾಕು, ಯಾರ ಸಮಾಧಿಯನ್ನೂ ಅಗೆದು ತಂದದ್ದಲ್ಲ ಎಂಬ ನೆಮ್ಮದಿಯೂ ಇರುತ್ತದೆ.

ಹೆಜ್ಜೆ 3: ಆರು ತಿಂಗಳು ಕೊಳ್ಳದೆ ನೋಡಿ

ಕಣ್ಣು ಪಳಗಿಸಲು ಈಗ ದುಡ್ಡು ಬೇಕಿಲ್ಲ. ಆಕ್ಸ್‌ಫರ್ಡಿನ ಬೀಜ್ಲಿ ಸಂಗ್ರಹದ ಜಾಲತಾಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಥೆನ್ಸಿನ ಪಾತ್ರೆಗಳ ವಿವರ ಉಚಿತವಾಗಿ ಸಿಗುತ್ತದೆ. ಸಹಿ ಇಲ್ಲದ ಪಾತ್ರೆಗಳಲ್ಲೂ ಕಿವಿ, ಕಣಕಾಲು, ಬಟ್ಟೆಯ ಮಡಿಕೆ ಬರೆಯುವ ರೀತಿ ನೋಡಿ ಒಬ್ಬೊಬ್ಬ ಚಿತ್ರಕಾರನ ಕೈಯನ್ನು ಗುರುತಿಸಿದ ಜಾನ್ ಬೀಜ್ಲಿಯ ಜೀವಮಾನದ ಕೆಲಸ ಅದರ ಬುನಾದಿ. 1922ರಿಂದ ಸಂಗ್ರಹಾಲಯವಾರು ಪ್ರಕಟವಾಗುತ್ತಿರುವ ‘ಕಾರ್ಪಸ್ ವಾಸೊರಮ್ ಆಂಟಿಕ್ವೊರಮ್’ (ಪ್ರಾಚೀನ ಪಾತ್ರೆಗಳ ಸಚಿತ್ರ ಪಟ್ಟಿ) ಸಂಪುಟಗಳಲ್ಲೂ ಅನೇಕವು ಅಲ್ಲೇ ಇವೆ.

ಚಿತ್ರ ನೋಡಿದರೆ ಸಾಲದು, ಕೈಗೆತ್ತಿ ನೋಡಬೇಕು. ದೊಡ್ಡ ಹರಾಜಿಗೆ ಮುಂಚಿನ ಪ್ರದರ್ಶನ ದಿನಗಳಲ್ಲಿ ಯಾರು ಬೇಕಾದರೂ ಹೋಗಿ ಕೇಳಿದರೆ ಗಾಜಿನ ಕಪಾಟಿನಿಂದ ತೆಗೆದುಕೊಡುತ್ತಾರೆ. ತೂಕ, ಗೋಡೆಯ ತೆಳುವು, ತಳದ ಸವೆತ ಕೈಗೆ ತಿಳಿಯುವಷ್ಟು ಕಣ್ಣಿಗೆ ತಿಳಿಯುವುದಿಲ್ಲ.

ಹೆಜ್ಜೆ 4: ಕಾಗದ ಓದುವುದು

ಇಡೀ ಲೇಖನದಲ್ಲಿ ಇದೊಂದನ್ನು ಮಾತ್ರ ಓದುವುದಾದರೂ ಸರಿ. ಜಮೀನು ಕೊಳ್ಳುವವರು ಪಹಣಿ, ಮ್ಯುಟೇಶನ್, ಇಸಿ ತೆಗೆಸಿ ಮೂವತ್ತು ವರ್ಷದ ಒಡೆತನ ನೋಡದೆ ಮುಂಗಡ ಕೊಡುತ್ತಾರೆಯೇ? ಇಲ್ಲೂ ಅಷ್ಟೇ ಹಟ ಬೇಕು.

ಮೊದಲು ವರ್ಷಗಳು. ಗ್ರೀಸಿನಲ್ಲಿ 1834ರಿಂದಲೇ ಪ್ರಾಚ್ಯವಸ್ತು ಕಾನೂನಿದೆ. 1899ರ ಕಾನೂನು ನೆಲದಲ್ಲಿ ಸಿಕ್ಕ ಪ್ರಾಚೀನ ವಸ್ತುಗಳು ಸರ್ಕಾರದ ಸ್ವತ್ತೆಂದು ಸಾರಿತು. 1932ರಲ್ಲಿ ಅದನ್ನು ಬಲಪಡಿಸಿದರು, 2002ರ 3028ನೇ ಕಾನೂನು ಹೊಸ ರೂಪ ಕೊಟ್ಟಿತು. ಇಟಲಿಯಲ್ಲಿ 1909 ಮತ್ತು 1939ರ ಕಾನೂನುಗಳಿವೆ. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದ 1970ರದು. ಅಮೆರಿಕದ ಕಲಾ ಸಂಗ್ರಹಾಲಯ ನಿರ್ದೇಶಕರ ಸಂಘ 2008ರಲ್ಲಿ ಆ 1970ನ್ನೇ ಗಡಿಯಾಗಿ ಒಪ್ಪಿಕೊಂಡಿತು. 2011ರ ಕೊನೆಯಿಂದ ಅಮೆರಿಕ–ಗ್ರೀಸ್ ಒಪ್ಪಂದದ ಪ್ರಕಾರ ಗ್ರೀಸಿನ ಪ್ರಾಚ್ಯವಸ್ತುಗಳನ್ನು ಕಾಗದವಿಲ್ಲದೆ ಅಮೆರಿಕದೊಳಗೆ ತರುವಂತಿಲ್ಲ.

1970 ಎಂಬುದು ಮಾರುಕಟ್ಟೆ, ಸಂಗ್ರಹಾಲಯಗಳ ನೈತಿಕ ಗೆರೆ. ಗ್ರೀಸಿನ ಒಡೆತನದ ಹಕ್ಕು ಅದಕ್ಕಿಂತ ಎಷ್ಟೋ ಹಿಂದಿನದು. ಆದ್ದರಿಂದ ‘1970ಕ್ಕೂ ಹಿಂದಿನದು’ ಎಂಬ ಕಾಗದ ಕನಿಷ್ಠ ಮಾತ್ರ, ಇನ್ನೂ ಹಳೆಯದಿದ್ದಷ್ಟೂ ಒಳ್ಳೆಯದು.

ಗ್ರೀಕ್ ಪಾತ್ರೆ ಎಂದಾಕ್ಷಣ ಗ್ರೀಸಿನಲ್ಲೇ ಸಿಕ್ಕಿತೆಂದು ತಿಳಿಯಬೇಡಿ. ಅಥೆನ್ಸಿನ ಅತ್ಯುತ್ತಮ ಪಾತ್ರೆಗಳು ಬಹಳಷ್ಟು ಸಿಕ್ಕಿರುವುದು ಇಟಲಿಯಲ್ಲಿ ರೋಮನ್ನರಿಗಿಂತ ಮೊದಲು ಮೇಲುಗೈ ಪಡೆದಿದ್ದ ಎಟ್ರಸ್ಕನ್ ಜನರ ಸಮಾಧಿಗಳಲ್ಲಿ. 1828ರ ನಂತರ ವುಲ್ಚಿಯಲ್ಲಿ, ನೆಪೋಲಿಯನ್ನನ ತಮ್ಮ ಲೂಸಿಯನ್ ಬೊನಪಾರ್ಟೆಯ ಜಮೀನಿನಲ್ಲಿ, ಸಾವಿರಾರು ಪಾತ್ರೆಗಳು ಹೊರಬಂದು ಯುರೋಪಿನಲ್ಲೆಲ್ಲ ಮಾರಾಟವಾದವು. ಅಂಥ 19ನೇ ಶತಮಾನದ ಮಾರಾಟದ ಕ್ಯಾಟಲಾಗಿನಲ್ಲಿ ಸಂಖ್ಯೆ ಸಮೇತ ಇರುವ ಪಾತ್ರೆ ನಿಮಗೆ ಸಿಕ್ಕರೆ ಅದಕ್ಕಿಂತ ನೆಮ್ಮದಿಯ ಖರೀದಿ ಇಲ್ಲ. ಇಟಲಿಯಿಂದ 1980ರ ದಶಕದಲ್ಲಿ ಬಂದದ್ದಾದರೆ, ಅದರ ಒಡೆಯರು ಯಾರೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ರೋಮ್, ಅಂದರೆ ಇಟಲಿ ಸರ್ಕಾರ.

ಈಗ ಮಾರುವವರು ಕೊಡುವ ಪೂರ್ವಾಪರದ ಸಾಲುಗಳನ್ನು ನೋಡೋಣ. ‘ಸ್ವಿಸ್ ಖಾಸಗಿ ಸಂಗ್ರಹ’, ‘ಒಬ್ಬ ಗೌರವಾನ್ವಿತರ ಆಸ್ತಿ’, ‘1960ರ ದಶಕದಲ್ಲಿ ಕೊಂಡದ್ದೆಂದು ಕುಟುಂಬದ ಹೇಳಿಕೆ’: ಇವ್ಯಾವುವೂ ಕಾಗದವಲ್ಲ. ನಿಮಗೆ ಬೇಕಾದದ್ದು ಹೆಸರು, ವರ್ಷ ಮತ್ತು ನೀವೇ ಕಣ್ಣಾರೆ ನೋಡಬಹುದಾದ ದಾಖಲೆ. ಹಳೆಯ ರಸೀದಿ, ಮುದ್ರಿತ ಹರಾಜು ಕ್ಯಾಟಲಾಗು, ರಫ್ತು ಪರವಾನಗಿ, ವಿಮೆಯ ಪಟ್ಟಿ, ದಿನಾಂಕ ಖಚಿತವಾಗಿರುವ ಫೋಟೊ, ಪಾತ್ರೆಯ ತಳದಲ್ಲೇ ಅಂಟಿರುವ ಹಳೆಯ ಚೀಟಿ. 1901ರಿಂದ 1945ರವರೆಗಿನ ಜರ್ಮನ್ ಹರಾಜು ಕ್ಯಾಟಲಾಗುಗಳನ್ನು ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. ಮಾರುವವರು ಹೇಳಿದ ಕ್ಯಾಟಲಾಗಿನ ಸಂಖ್ಯೆಯನ್ನು ಅಲ್ಲಿ ನೀವೇ ತೆಗೆದು, ಅಳತೆ ಮತ್ತು ಬಿರುಕು ತಾಳೆಯಾಗುತ್ತವೆಯೇ ನೋಡಿ.

ಕಾಗದವೂ ನಕಲಿಯಾಗಿರಬಹುದು. ಲಾಸ್ ಏಂಜಲಿಸ್‌ನ ಗೆಟ್ಟಿ ಸಂಗ್ರಹಾಲಯ 1980ರ ದಶಕದಲ್ಲಿ ಒಬ್ಬ ಬೆತ್ತಲೆ ತರುಣನ ಅಮೃತಶಿಲೆಯ ಪ್ರತಿಮೆಯನ್ನು ಭಾರಿ ಬೆಲೆ ಕೊಟ್ಟು ಕೊಂಡಿತು. ಜೊತೆಗೆ ಬಂದಿದ್ದ ಪತ್ರಗಳಲ್ಲಿ 1952ರ ದಿನಾಂಕದ್ದೊಂದರಲ್ಲಿ ಬರೆದಿದ್ದ ಪೋಸ್ಟಲ್ ಕೋಡ್ ಜಾರಿಗೆ ಬಂದದ್ದೇ 1972ರಲ್ಲಿ. 1955ರ ಪತ್ರದಲ್ಲಿದ್ದ ಬ್ಯಾಂಕ್ ಖಾತೆ ತೆರೆದದ್ದು 1963ರಲ್ಲಿ. ಎಷ್ಟೋ ವರ್ಷ ಆ ಪ್ರತಿಮೆಯ ಕೆಳಗೆ ‘ಕ್ರಿ.ಪೂ. ಸುಮಾರು 530, ಅಥವಾ ಆಧುನಿಕ ನಕಲು’ ಎಂಬ ಫಲಕವಿತ್ತು. 2018ರಲ್ಲಿ ಅದನ್ನು ಪ್ರದರ್ಶನದಿಂದಲೇ ತೆಗೆದರು. ನಿಮಗೆ ಯಾವುದೇ ಹಳೆಯ ಪತ್ರ ಕೊಟ್ಟರೂ ಅದರ ವಿಳಾಸ, ದೂರವಾಣಿ ಸಂಖ್ಯೆ, ಅಂಗಡಿಯ ಹೆಸರು ಆ ವರ್ಷದಲ್ಲಿ ಇದ್ದವೇ ಎಂದು ಒಂದೊಂದಾಗಿ ಪರಿಶೀಲಿಸಿ.

ಮುಂದಿನ ಕೆಲಸ, ಕೈ ಬದಲಾದ ಸರಪಳಿಯಲ್ಲಿ ಯಾರ ಹೆಸರಿದೆ ಎಂದು ನೋಡುವುದು. 1995ರಲ್ಲಿ ಜಿನೀವಾದ ಸುಂಕಮುಕ್ತ ಗೋದಾಮಿನಲ್ಲಿ (ಫ್ರೀಪೋರ್ಟ್) ಪೊಲೀಸರು ಜಿಯಾಕೊಮೊ ಮೆಡಿಚಿ ಎಂಬ ವ್ಯಾಪಾರಿಯ ಮಳಿಗೆಗೆ ನುಗ್ಗಿದಾಗ, ಆಗತಾನೆ ಅಗೆದ, ಮಣ್ಣು ಮೆತ್ತಿದ ವಸ್ತುಗಳ ಪೋಲರಾಯ್ಡ್ ಫೋಟೊಗಳು ಸಾವಿರಗಟ್ಟಲೆ ಸಿಕ್ಕವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 1972ರಲ್ಲಿ ಹತ್ತು ಲಕ್ಷ ಡಾಲರ್ ಕೊಟ್ಟು ಕೊಂಡ ಯೂಫ್ರೊನಿಯೊಸ್ ಚಿತ್ರಿಸಿದ ಮಹಾಪಾತ್ರೆ, ಚೆರ್ವೆತೆರಿಯ ಸಮಾಧಿಯಿಂದ ಕದ್ದದ್ದೆಂದು ಒಪ್ಪಿ, 2008ರಲ್ಲಿ ಇಟಲಿಗೆ ಮರಳಿತು. ಇಂಗ್ಲೆಂಡಿನ ವ್ಯಾಪಾರಿ ರಾಬಿನ್ ಸೈಮ್ಸ್‌ನ ದಿವಾಳಿಯಾದ ಕಂಪನಿಯಿಂದ 2023ರಲ್ಲಿ ಗ್ರೀಸ್ 351 ವಸ್ತುಗಳನ್ನು ಮರಳಿ ಪಡೆಯಿತು. ಮೈಕೆಲ್ ಸ್ಟೈನ್‌ಹಾರ್ಟ್ ಎಂಬ ಕೋಟ್ಯಧೀಶ 2021ರಲ್ಲಿ ಏಳು ಕೋಟಿ ಡಾಲರ್ ಬೆಲೆಯ 180 ವಸ್ತುಗಳನ್ನು ಒಪ್ಪಿಸಿ, ಇನ್ನು ಜೀವಮಾನದಲ್ಲಿ ಪ್ರಾಚ್ಯವಸ್ತು ಕೊಳ್ಳುವುದಿಲ್ಲವೆಂಬ ನಿರ್ಬಂಧಕ್ಕೆ ಒಳಗಾಗಬೇಕಾಯಿತು. ಮೆಡಿಚಿ, ಅಂಥದೇ ಇನ್ನೊಬ್ಬ ವ್ಯಾಪಾರಿ ಬೆಕ್ಕಿನಾ, ಸೈಮ್ಸ್ ಈ ಮೂರರಲ್ಲಿ ಯಾವ ಹೆಸರು ಸರಪಳಿಯಲ್ಲಿ ಬಂದರೂ ಅಲ್ಲಿಗೇ ನಿಲ್ಲಿಸಿ.

ದೊಡ್ಡ ಹರಾಜು ಮನೆ ಮಾರುತ್ತಿದೆ ಎಂದು ಧೈರ್ಯ ತಂದುಕೊಳ್ಳಬೇಡಿ. 2018ರಲ್ಲಿ ಸದಬೀಸ್ ಹರಾಜಿಗಿಟ್ಟಿದ್ದ ಕ್ರಿ.ಪೂ. 8ನೇ ಶತಮಾನದ ಪುಟ್ಟ ಕಂಚಿನ ಕುದುರೆಯನ್ನು ಹಿಂತೆಗೆಯಲು ಗ್ರೀಸ್ ಸರ್ಕಾರ ಪತ್ರ ಬರೆಯಿತು. ಹರಾಜು ಮನೆಯೂ ಮಾಲೀಕ ಕುಟುಂಬವೂ ಗ್ರೀಸಿನ ಮೇಲೆಯೇ ಮೊಕದ್ದಮೆ ಹೂಡಿದವು. 2020ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಗ್ರೀಸ್ ಸಾರ್ವಭೌಮ ದೇಶವಾಗಿ ತನ್ನ ಕೆಲಸ ಮಾಡಿದೆ, ಅದರ ಮೇಲೆ ಇಲ್ಲಿ ದಾವೆ ನಡೆಯದು ಎಂದಿತು. ಆ ಕುದುರೆಯ ಸರಪಳಿಯಲ್ಲೂ ಸೈಮ್ಸ್ ಹೆಸರಿತ್ತು.

ಕೊನೆಗೆ ಇಂಟರ್‌ಪೋಲ್‌ನ ಐಡಿ-ಆರ್ಟ್ ಎಂಬ ಉಚಿತ ಆ್ಯಪ್‌ನಲ್ಲಿ ಹುಡುಕಿ, ಲಂಡನ್ನಿನ ಆರ್ಟ್ ಲಾಸ್ ರಿಜಿಸ್ಟರ್‌ನಿಂದ ಪ್ರಮಾಣಪತ್ರ ತೆಗೆಸಿ. ಆದರೆ ಇವುಗಳಲ್ಲಿ ಇರುವುದು ಸಂಗ್ರಹಾಲಯ, ಮನೆಗಳಿಂದ ಕಳುವಾದ ವಸ್ತುಗಳ ಪಟ್ಟಿ. ರಾತ್ರಿ ಸಮಾಧಿ ಅಗೆದು ತೆಗೆದ ಮಡಕೆಯನ್ನು ಅದಕ್ಕೂ ಮುಂಚೆ ಯಾರೂ ನೋಡಿಯೇ ಇಲ್ಲ, ಹಾಗಾಗಿ ಅದು ಯಾವ ಪಟ್ಟಿಯಲ್ಲೂ ಇರದು. ಪ್ರಮಾಣಪತ್ರ ಸಿಕ್ಕಿತೆಂದು ಪೂರ್ವಾಪರ ಸರಿಯಾಯಿತು ಎಂದುಕೊಳ್ಳಬಾರದು.

ಹೆಜ್ಜೆ 5: ಮಣ್ಣನ್ನೂ ಬಣ್ಣವನ್ನೂ ನೋಡುವುದು

ಕಾಗದ ಸರಿ ಇದ್ದ ಮೇಲೆ ವಸ್ತುವಿನ ಸರದಿ. ಕೊರಿಂಥ್ ಮಣ್ಣು ತಿಳಿ ಹಳದಿ, ಕೆಲವೊಮ್ಮೆ ಹಸಿರು ಛಾಯೆ. ಅಥೆನ್ಸಿನದು ಕಬ್ಬಿಣದ ಅಂಶ ಹೆಚ್ಚಿರುವ ಕಿತ್ತಳೆಗೆಂಪು. ಕೊರಿಂಥ್ ತೈಲಕುಡಿಕೆಗೆ ದುಂಡು ಒಡಲು, ಅಗಲ ತಟ್ಟೆಯಂಥ ಬಾಯಿ, ನಡುವೆ ಸಣ್ಣ ತೂತು. ಮೈಮೇಲೆ ಸಿಂಹ, ಹಂಸ, ಸಿಂಹನಾರಿಯರ ಸಾಲು, ಖಾಲಿ ಜಾಗದಲ್ಲೆಲ್ಲ ಹೂವು. ಈ ಬಣ್ಣ ಸುಲಭವಾಗಿ ಉದುರುತ್ತದೆ. ಆದ್ದರಿಂದ ಎಲ್ಲ ಪ್ರಾಣಿಗಳೂ ಗರಿಗರಿಯಾಗಿ ಕಾಣುವ ಕುಡಿಕೆಯನ್ನು ಕಂಡರೆ, ಸವೆದದ್ದರ ಮೇಲೆ ಮತ್ತೆ ಬಣ್ಣ ಬಳಿದಿದ್ದಾರೆಯೇ ಎಂದು ಮೊದಲು ಅನುಮಾನಿಸಬೇಕು.

ಅಥೆನ್ಸಿನ ಕಪ್ಪು ಮೆರುಗನ್ನು ಅರ್ಥ ಮಾಡಿಕೊಂಡರೆ ಅರ್ಧ ಪರೀಕ್ಷೆ ಮುಗಿದಂತೆ. ಅದಕ್ಕೆ ಬೇರೆ ಬಣ್ಣ ಬಳಸಿಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ, ದಪ್ಪ ಕಣ ಕೆಳಗಿಳಿದ ಮೇಲೆ ಉಳಿಯುವ ಅತಿ ನುಣುಪಾದ ತಿಳಿಯಲ್ಲೇ ಚಿತ್ರ ಬರೆಯುತ್ತಿದ್ದರು. ಒಂದೇ ಸುಡುವಿಕೆಯಲ್ಲಿ ಮೂರು ಹಂತ: ಮೊದಲು ಆವಿಗೆಗೆ ಗಾಳಿ ಬಿಟ್ಟಾಗ ಎಲ್ಲವೂ ಕೆಂಪು, ಗಾಳಿ ಮುಚ್ಚಿ ಹಸಿ ಸೌದೆ ಹಾಕಿ ಹೊಗೆಯಲ್ಲಿ ಕಾಯಿಸಿದಾಗ ಎಲ್ಲವೂ ಕಪ್ಪು, ಮತ್ತೆ ಗಾಳಿ ಬಿಟ್ಟಾಗ ಮೈ ಕೆಂಪಿಗೆ ತಿರುಗುತ್ತದೆ, ನುಣುಪು ತಿಳಿ ಮಾತ್ರ ಗಾಜಿನಂತೆ ಬೆಸೆದುಹೋಗಿರುವುದರಿಂದ ಗಾಳಿ ಒಳಹೊಗದೆ ಕಪ್ಪಾಗಿಯೇ ಉಳಿಯುತ್ತದೆ. (ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆಗಳಲ್ಲೂ ಎರಡು ಬಣ್ಣ ಬಂದದ್ದು ಗಾಳಿ-ಹೊಗೆಯ ಆಟದಿಂದಲೇ. ನಮ್ಮ ಕುಂಬಾರರು ಬೇರೆ ದಾರಿಯಿಂದ ಅದೇ ವಿದ್ಯೆಯನ್ನು ಹಿಡಿದಿದ್ದರು.) ಈ ಕ್ರಮದಲ್ಲಿ ಸುಟ್ಟ ಕಪ್ಪು ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಕುಂಚ ತೆಳುವಾದಲ್ಲಿ ಕಂದು ಇಣುಕುತ್ತದೆ, ಗಾಳಿ ತಪ್ಪಿ ಬಡಿದಲ್ಲಿ ಕೆಂಪು ಮಚ್ಚೆ ಇರುತ್ತದೆ. ಆಧುನಿಕ ಬಣ್ಣ ಬಳಿದ ನಕಲಿಯ ಕಪ್ಪು ಸತ್ತಂತೆ ಸಪಾಟಾಗಿರುತ್ತದೆ.

ಭೂತಗನ್ನಡಿ ಹಿಡಿದು ಕಪ್ಪು ಚಿತ್ರದ ಗೀರುಗಳನ್ನು ನೋಡಿ. ಅವು ಸುಡುವ ಮೊದಲು ಹಸಿ ಮೈಯಲ್ಲಿ ಎಳೆದವು, ಅಂಚು ನಯವಾಗಿರುತ್ತದೆ. ಸುಟ್ಟ ಮೇಲೆ ಎಳೆದ ಗೀರಿನ ಅಂಚು ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ. ಕೆಂಪು ಚಿತ್ರದ ಪಾತ್ರೆಗೆ ಪಕ್ಕದಿಂದ ಟಾರ್ಚ್ ಹಿಡಿದರೆ, ಚಿತ್ರಕಾರ ಮೊದಲು ಮೊಂಡು ಕಡ್ಡಿಯಿಂದ ಹಾಕಿಕೊಂಡ ಕರಡು ರೇಖೆಯ ತೆಳು ಹಳ್ಳ ಕಾಣಬಹುದು. ಕೈ ಬದಲಿಸಿದ್ದು, ಭಂಗಿ ತಿದ್ದಿದ್ದು ಗೊತ್ತಾಗುತ್ತದೆ. ಇದನ್ನು ನೋಡುವಾಗ ಆಗುವ ರೋಮಾಂಚನ ದೊಡ್ಡದು.

ನೇರಳಾತೀತ ದೀಪ ಕಡಿಮೆ ಬೆಲೆಗೆ ಸಿಗುತ್ತದೆ. ಕತ್ತಲೆ ಕೋಣೆಯಲ್ಲಿ ಅದನ್ನು ಹಿಡಿದರೆ ಅಂಟು, ತೇಪೆ, ಹೊಸ ಬಣ್ಣ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. ತೇಪೆ ಇರುವುದು ದೋಷವಲ್ಲ; ಹೇಳದೆ ಮುಚ್ಚಿಟ್ಟದ್ದು ದೋಷ. ಎರಡು ಮೂರು ಬೇರೆ ಪಾತ್ರೆಗಳ ಚೂರು ಕೂಡಿಸಿ ಒಂದು ಮಾಡಿದ್ದನ್ನೂ ಈ ದೀಪ ಬಯಲಿಗೆ ತರುತ್ತದೆ. ಗೊಂಬೆಗಳಲ್ಲಿ ತನಾಗ್ರಾದವು ಅಚ್ಚಿನಲ್ಲಿ ಒತ್ತಿದ ಪೊಳ್ಳು ಗೊಂಬೆಗಳು, ಬೆನ್ನಿನಲ್ಲಿ ಹಬೆ ಹೋಗುವ ಕಿಂಡಿ ಇರುತ್ತದೆ. ಮೈಸೀನಿಯನ್ ಗೊಂಬೆಗಳು ಕೈಯಲ್ಲೇ ಹಿಸುಕಿ ಮಾಡಿದವು.

ದುಬಾರಿ ಮಣ್ಣಿನ ವಸ್ತುವಿಗೆ ಥರ್ಮೊಲ್ಯೂಮಿನೆಸೆನ್ಸ್ ಪರೀಕ್ಷೆ ಮಾಡಿಸಿ. ಕಾಣದ ಜಾಗದಲ್ಲಿ ಚೂರು ಕೊರೆದು ತೆಗೆದ ಪುಡಿಯಿಂದ, ಮಣ್ಣು ಕೊನೆಯ ಬಾರಿ ಸುಟ್ಟದ್ದು ಸುಮಾರು ಎಷ್ಟು ವರ್ಷ ಹಿಂದೆ ಎಂದು ಹೇಳುತ್ತಾರೆ. ನಿಖರ ವರ್ಷ ಸಿಗುವುದಿಲ್ಲ, ಹಳೆಯದೋ ಹೊಸದೋ ಎಂಬುದು ತಿಳಿಯುತ್ತದೆ. ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಮಾಡಿಸುವುದಿದ್ದರೆ ಪುಡಿ ತೆಗೆದ ಮೇಲೆ ಮಾಡಿಸಿ, ಆ ವಿಕಿರಣ ಫಲಿತಾಂಶವನ್ನು ಕೆಡಿಸುತ್ತದೆ. ಅಸಲಿ ಹಳೆಯ ಚೂರುಗಳನ್ನೇ ಸೇರಿಸಿ ಮಾಡಿದ ನಕಲಿ ಈ ಪರೀಕ್ಷೆಯಲ್ಲಿ ಪಾಸಾಗಬಹುದು, ಆದ್ದರಿಂದ ಎರಡು ಮೂರು ಜಾಗದ ಪುಡಿ ಕೇಳಿ.

ಹೆಜ್ಜೆ 6: ಕೊಳ್ಳುವುದು, ತರುವುದು

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಶೇ 25ರ ಆಸುಪಾಸು, ಜೊತೆಗೆ ತೆರಿಗೆ, ಪ್ಯಾಕಿಂಗ್, ವಿಮೆ ಸೇರುತ್ತದೆ. ರಸೀದಿಯಲ್ಲಿ ವಸ್ತುವಿನ ಅಳತೆ, ಕಾಲ, ಪೂರ್ವಾಪರದ ಪ್ರತಿ ಸಾಲು, ರಿಪೇರಿಯ ವಿವರ, ನಕಲಿ ಅಥವಾ ಕದ್ದದ್ದೆಂದು ತಿಳಿದರೆ ಹಣ ವಾಪಸ್ ಎಂಬ ಷರತ್ತು ಬರಹದಲ್ಲಿರಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಜಾಲತಾಣಗಳಲ್ಲಿ ಹೆಸರಿಲ್ಲದ ಮಾರಾಟಗಾರರು ಇಡುವ ಅಗ್ಗದ ಮೈಸೀನಿಯನ್ ಗೊಂಬೆಗಳ ಕಡೆ ತಿರುಗಿಯೂ ನೋಡಬೇಡಿ. ಅವು ನಕಲಿ ಇರುತ್ತವೆ, ಇಲ್ಲವೇ ಹೊಸದಾಗಿ ಅಗೆದದ್ದಿರುತ್ತವೆ. ಎರಡೂ ನಿಮಗೆ ಬೇಡ.

ಐರೋಪ್ಯ ಒಕ್ಕೂಟದಿಂದ ನೂರು ವರ್ಷಕ್ಕೂ ಹಳೆಯ ಉತ್ಖನನದ ವಸ್ತು ಹೊರಗೆ ಹೋಗಬೇಕಾದರೆ ರಫ್ತು ಪರವಾನಗಿ ಬೇಕು. ಜರ್ಮನಿ, ನೆದರ್ಲೆಂಡ್ಸ್‌ನಲ್ಲಿರುವವರು ಇನ್ನೊಂದನ್ನೂ ಗಮನಿಸಬೇಕು: 2025ರ ಜೂನ್ 28ರಿಂದ, ಒಕ್ಕೂಟದ ಹೊರಗಿನ ನೆಲದಲ್ಲಿ ಸಿಕ್ಕ 250 ವರ್ಷಕ್ಕೂ ಹಳೆಯ ಪುರಾತತ್ತ್ವ ವಸ್ತುಗಳನ್ನು ಒಳತರಲು ಆಮದು ಪರವಾನಗಿ ಕಡ್ಡಾಯ. ಇಂದಿನ ಟರ್ಕಿಯ ಕರಾವಳಿಯ, ಲಿಬಿಯಾದ ಸೈರೀನಿಯ ಗ್ರೀಕ್ ಪಾತ್ರೆಗಳು ಇದರಡಿ ಬರುತ್ತವೆ.

ಭಾರತಕ್ಕೆ ತರುವ ಮುಂಚೆ ಎರಡು ಸಲ ಯೋಚಿಸಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ನೂರು ವರ್ಷಕ್ಕೂ ಹಳೆಯ ಕಲಾವಸ್ತುವನ್ನು ಪ್ರಾಚ್ಯವಸ್ತು ಎನ್ನುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಲ್ಲು, ಸುಟ್ಟಮಣ್ಣು, ಲೋಹದ ಶಿಲ್ಪಗಳಂಥ ವರ್ಗಗಳಿಗೆ ನೋಂದಣಿಯೂ ಇದೆ. ಅಂದರೆ ತಂದ ಮೇಲೆ ವಾಪಸ್ ಕೊಡುವುದು, ವಿದೇಶದಲ್ಲಿ ಮಾರುವುದು, ಪರೀಕ್ಷೆಗೆ ಕಳಿಸುವುದು ಎಲ್ಲವೂ ಕಗ್ಗಂಟಾಗಬಹುದು. ವಸ್ತು ಹೊರಡುವ ಮೊದಲೇ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ನೋಂದಣಿ ಅಧಿಕಾರಿಗಳನ್ನೂ ಕಸ್ಟಮ್ಸ್ ಏಜೆಂಟರನ್ನೂ ಕಂಡು ಲಿಖಿತವಾಗಿ ಕೇಳಿ. ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಸುತ್ತಿ ತರುವ ಯೋಚನೆ ಯಾವ ಕಾರಣಕ್ಕೂ ಬೇಡ. ಗ್ರೀಸಿಗೆ ಪ್ರವಾಸ ಹೋದಾಗ ಕಡಲತೀರದಲ್ಲೋ ಹೊಲದಲ್ಲೋ ಕಂಡ ಮಡಕೆ ಚೂರನ್ನೂ ಎತ್ತಿಕೊಳ್ಳಬೇಡಿ, ಅಲ್ಲಿ ಅದು ಅಪರಾಧ.

ಹೆಜ್ಜೆ 7: ಇಟ್ಟುಕೊಳ್ಳುವುದು

ಪಾತ್ರೆಯನ್ನು ಹಿಡಿಯಿಂದ ಎತ್ತಬಾರದು. ಒಂದು ಕೈ ತಳಕ್ಕೆ, ಇನ್ನೊಂದು ಒಡಲಿಗೆ. ಉಂಗುರ, ಬಳೆ ತೆಗೆದಿಡಿ. ನೆಲದಲ್ಲಿದ್ದಾಗ ಹೀರಿಕೊಂಡ ಉಪ್ಪು ಮಡಕೆಯ ಮೈಯೊಳಗೆ ಇರುತ್ತದೆ; ಹವೆಯ ತೇವ ಏರಿಳಿದಂತೆ ಅದು ಕರಗಿ, ಹರಳುಗಟ್ಟಿ, ಮೇಲ್ಮೈಯನ್ನೇ ಚಕ್ಕೆ ಎಬ್ಬಿಸುತ್ತದೆ. ಮಂಗಳೂರು, ಕಾರವಾರದಂಥ ಕಡೆ ಮಳೆಗಾಲ–ಬೇಸಿಗೆಯ ಅಂತರ ದೊಡ್ಡದು, ಆದ್ದರಿಂದ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ತೇವವನ್ನು ಶೇ 50ರ ಆಸುಪಾಸಿನಲ್ಲಿ ಸ್ಥಿರವಾಗಿಡಿ, ಒಳಗೊಂದು ತೇವಮಾಪಕವಿರಲಿ. ಬಿಳಿ ಪುಡಿ ಕಾಣಿಸಿಕೊಂಡರೆ ನೀವೇ ತೊಳೆಯಬೇಡಿ. ಸಂರಕ್ಷಣಾ ತಜ್ಞರು ಶುದ್ಧೀಕರಿಸಿದ ನೀರಿನಲ್ಲಿ ನೆನೆಸಿ ಉಪ್ಪು ತೆಗೆಯುತ್ತಾರೆ. ಬಣ್ಣ ಉಳಿದಿರುವ ಗೊಂಬೆಗಳಿಗೆ ಒದ್ದೆ ಬಟ್ಟೆಯೂ ತಾಗಬಾರದು.

ಪ್ರತಿ ವಸ್ತುವಿಗೂ ಒಂದು ಕಡತ ಮಾಡಿ. ನಾಲ್ಕೂ ಕಡೆಯ ಮತ್ತು ತಳದ ಫೋಟೊ, ಅಳತೆ, ತೂಕ, ರಸೀದಿ, ಹಳೆಯ ಕ್ಯಾಟಲಾಗಿನ ಪುಟ, ಪರವಾನಗಿಗಳು, ಪರೀಕ್ಷಾ ವರದಿ, ನೀವು ಯಾರಿಗೆ ಏನು ಕೇಳಿದಿರಿ, ಅವರು ಏನು ಉತ್ತರಿಸಿದರು ಎಂಬ ಪತ್ರಗಳು. ಪಾತ್ರೆಯ ಮೇಲಿರುವ ಹಳೆಯ ಚೀಟಿ ಎಷ್ಟೇ ಕೊಳಕಾಗಿದ್ದರೂ ಕೀಳಬೇಡಿ. ಕಡತದ ಒಂದು ಪ್ರತಿ ಮನೆಯ ಹೊರಗೆ ಇರಲಿ, ಮನೆಯವರಿಗೂ ಅದು ಎಲ್ಲಿದೆಯೆಂದು ಗೊತ್ತಿರಲಿ. ನಿಮ್ಮ ನಂತರ ಕಾಗದ ಒಂದು ಕಡೆ, ವಸ್ತು ಒಂದು ಕಡೆ ಆದರೆ, ಇಷ್ಟು ವರ್ಷ ಕಾದಿಟ್ಟ ಪೂರ್ವಾಪರ ಒಂದೇ ದಿನದಲ್ಲಿ ಹೋಗುತ್ತದೆ.

ಮುಂದೆಂದೋ ನಿಮ್ಮ ಪಾತ್ರೆಯ ಫೋಟೊ ಕಳ್ಳರ ಸಂಗ್ರಹದಲ್ಲಿ ಸಿಕ್ಕಿತೆಂಬ ಸುದ್ದಿ ಬಂದರೆ ಮುಚ್ಚಿಡಬೇಡಿ, ಮಾರಿ ಕೈತೊಳೆದುಕೊಳ್ಳಲೂ ಹೋಗಬೇಡಿ. ಗ್ರೀಸಿನ ಸಂಸ್ಕೃತಿ ಸಚಿವಾಲಯದಲ್ಲಿ ಸಾಂಸ್ಕೃತಿಕ ಸ್ವತ್ತುಗಳ ದಾಖಲೆ ಮತ್ತು ರಕ್ಷಣೆಗೆಂದೇ ಒಂದು ನಿರ್ದೇಶನಾಲಯವಿದೆ. ವಕೀಲರೊಬ್ಬರ ಮೂಲಕ ಆ ಕಡತದ ನಕಲು ಸಮೇತ ಅಲ್ಲಿಗೆ ಬರೆಯಿರಿ. ವಸ್ತು ಭಾರತದಲ್ಲಿದ್ದರೆ ಅದು ಹೊರಹೋಗಲು ಕೇಂದ್ರ ಸರ್ಕಾರವೇ ಮುಂದಾಗಬೇಕಾದ್ದರಿಂದ ದೆಹಲಿಯ ಪುರಾತತ್ತ್ವ ಸರ್ವೇಕ್ಷಣೆಗೂ ಅದೇ ದಿನ ಒಂದು ಪ್ರತಿ ಕಳಿಸಿ.